ಇಪ್ಪತ್ತರ ಹರೆಯಕ್ಕೆ ‘ಅವರು’ ಎನ್ನುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಶಾಲಾ ಶಿಕ್ಷಕಿ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ಯುಗಾದಿಗೆ ಬರುವಾಗ ಕಾಲೇಜಿನ ಸ್ನೇಹಿತರೊಬ್ಬರನ್ನು ಕರೆತಂದಿದ್ದಳು. “ಅಜ್ಜಿ, ಅವನು ಅಂತಲೂ ಅನ್ನಬೇಡ, ಅವಳು ಅಂತಲೂ ಅನ್ನಬೇಡ. ಇಂಗ್ಲಿಷಿನಲ್ಲಿ ನಾವು ‘ದೇ’ ಅಂತೀವಿ” ಎಂದಳು. ‘ಅವರು’ ಎನ್ನೋಣವೆಂದರೆ ನನ್ನ ಮೊಮ್ಮಗುವಿನ ವಯಸ್ಸಿನವರಿಗೆ ಅಷ್ಟು ಮರ್ಯಾದೆ ಕೊಡಲು ನಾಲಿಗೆ ತಡೆಯುತ್ತದೆ. ‘ಅದು’ ಎಂದರೆ ಬೈದಂತೆ. ಇದ್ದಷ್ಟು ದಿನ ಹೆಸರು ಹಿಡಿದೇ ಸುಧಾರಿಸಿದೆ. ಇದೆಲ್ಲ ಕನ್ನಡಕ್ಕೆ ಒಗ್ಗುವ ಮಾತೇ? ಒಂದು ತಲೆಮಾರಿನವರು ಬೇಕೆಂದ ಮಾತ್ರಕ್ಕೆ ಸರ್ವನಾಮ ಬದಲಾಗುತ್ತದೆಯೇ?

ಉತ್ತರ: ಮೇಡಂ, ಕನ್ನಡಕ್ಕೆ ಒಗ್ಗುತ್ತದೆಯೇ ಎಂದು ಕೇಳುವ ಮೊದಲೇ ನೀವು ಅದನ್ನು ಒಗ್ಗಿಸಿ ಬರೆದಿದ್ದೀರಿ. ‘ಸ್ನೇಹಿತರೊಬ್ಬರನ್ನು’ ಎಂದಿದ್ದೀರಲ್ಲ, ಅದು ಹುಡುಗನೋ ಹುಡುಗಿಯೋ ನನಗೆ ತಿಳಿಯಲಿಲ್ಲ. ಬಂದದ್ದು ಒಬ್ಬರೇ ಎಂಬುದು ಮಾತ್ರ ತಿಳಿಯಿತು. ಒಂದು ಎಂಬ ಎಣಿಕೆಗೇ ಬಹುವಚನದ ‘ಅರು’ ಹಚ್ಚಿ ‘ಒಬ್ಬರು’ ಎನ್ನುವ ಭಾಷೆ ನಮ್ಮದು. ಬಾಗಿಲು ಬಡಿದ ಸದ್ದಾದರೆ “ಯಾರೋ ಬಂದ್ರು, ನೋಡು” ಎನ್ನುತ್ತೇವೆ. ಬಂದದ್ದು ಒಬ್ಬರೇ ಇರಬಹುದು, ಗಂಡೋ ಹೆಣ್ಣೋ ಗೊತ್ತಿಲ್ಲ, ಕ್ರಿಯಾಪದ ಮಾತ್ರ ಬಹುವಚನ. “ಯಾವನೋ ಬಂದ” ಎಂದರೆ ಜಗಳಕ್ಕೆ ಸಜ್ಜಾದ ಹಾಗೆ. ‘ಯಾವಳೋ’ ಅದಕ್ಕಿಂತ ಕೆಟ್ಟದು.

ಇಂಗ್ಲಿಷಿನಲ್ಲಿ ಬಹುವಚನದ ‘ದೇ’ ಒಬ್ಬರಿಗೂ ಬಳಕೆಯಾಗತೊಡಗಿದ್ದು ಇಂಥ ಜಾಗದಲ್ಲೇ. ಯಾರೆಂದು ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ‘ದೇ’ ಎನ್ನುವ ಬಳಕೆ ಅಲ್ಲಿ 14ನೇ ಶತಮಾನದಿಂದ ಸಿಗುತ್ತದೆ. ಅದು ತಪ್ಪು, ಅಂಥಲ್ಲಿ ‘ಹಿ’ ಎನ್ನಬೇಕು ಎಂಬ ನಿಯಮ ಬಂದದ್ದು ಆಮೇಲೆ, 18ನೇ ಶತಮಾನದ ವ್ಯಾಕರಣ ಪುಸ್ತಕಗಳಿಂದ. ಆ ನಿಯಮ ಕಾನೂನಿನೊಳಗೂ ಹೊಕ್ಕಿತು. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ, ‘ಹಿ’ ಎಂಬ ಸರ್ವನಾಮ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ ಎಂದು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದೇ ಸಾಲಿಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿದೆ. ಜನರ ಪಟ್ಟಿ ಬೆಳೆಯಿತು, ಸರ್ವನಾಮ ಮಾತ್ರ ‘ಹಿ’ಯೇ ಉಳಿಯಿತು!

ಈಗಿನ ಹುಡುಗರು ಮಾಡಿರುವ ಹೊಸದು ಇಷ್ಟು: ಯಾರೆಂದು ಗೊತ್ತಿಲ್ಲದವರಿಗೆ ಇದ್ದ ‘ದೇ’ಯನ್ನು, ಹೆಸರು ಗೊತ್ತಿರುವ, ಎದುರಿಗೇ ಕೂತಿರುವ ವ್ಯಕ್ತಿಗೂ ಬಳಸುತ್ತಿದ್ದಾರೆ. ಕನ್ನಡದಲ್ಲಿ ಅದೂ ಹೊಸದಲ್ಲ. ಎದುರಿಗೆ ಕೂತ ಹೆಡ್‌ಮೇಷ್ಟ್ರಿಗೆ, ಡಾಕ್ಟರಿಗೆ, ಬೀಗರಿಗೆ ನಾವು ‘ಅವರು’ ಎನ್ನುತ್ತಲೇ ಬಂದಿದ್ದೇವೆ. ನಿಮ್ಮ ನಾಲಿಗೆ ತಡೆದದ್ದು ಲಿಂಗದ ಬಳಿ ಅಲ್ಲ, ಮರ್ಯಾದೆಯ ಬಳಿ. ಕನ್ನಡದಲ್ಲಿ ಒಬ್ಬರು ಗಂಡೋ ಹೆಣ್ಣೋ ಎಂಬುದನ್ನು ಬಿಟ್ಟು ಮಾತಾಡಬೇಕಾದರೆ ಅವರನ್ನು ಮೇಲಕ್ಕೆ ಕೂರಿಸಬೇಕಾಗುತ್ತದೆ. ‘ಅವನು’, ‘ಅವಳು’ ಇರುವ ಜಾಗದಲ್ಲಿ ಲಿಂಗವಿಲ್ಲದ, ಮರ್ಯಾದೆಯ ಭಾರವೂ ಇಲ್ಲದ, ಸಲಿಗೆಯ ಏಕವಚನ ನಮ್ಮಲ್ಲಿಲ್ಲ. ನಿಮ್ಮ ಕಷ್ಟದ ಗಂಟು ಇರುವುದು ಅಲ್ಲಿ.

ಆ ಮರ್ಯಾದೆಯನ್ನು ಇಷ್ಟು ಕಾಲ ಯಾರಿಗೆ ಕೊಟ್ಟಿದ್ದೇವೆ ಎಂದು ಸ್ವಲ್ಪ ನೋಡಿ. ಎಷ್ಟೋ ಮನೆಗಳಲ್ಲಿ ಇವತ್ತಿಗೂ “ಅಪ್ಪ ಬಂದ್ರು”, ಆದರೆ “ಅಮ್ಮ ಬಂದ್ಲು”. ಹೆಂಡತಿಯ ಬಾಯಲ್ಲಿ ಗಂಡ ‘ಇವರು’, ‘ನಮ್ಮ ಯಜಮಾನ್ರು’. ಗಂಡನ ಬಾಯಲ್ಲಿ ಹೆಂಡತಿ ‘ಇವಳು’, ‘ನಮ್ಮವಳು’. ವ್ಯಾಕರಣದಲ್ಲಿ ‘ಅವರು’ ಎಂಬುದಕ್ಕೆ ಲಿಂಗವಿಲ್ಲ ಎಂದು ನಾವು ಪಾಠ ಮಾಡುತ್ತೇವೆ, ಮನೆಯೊಳಗೆ ಅದಕ್ಕೆ ಮೀಸೆ ಇತ್ತು. ಮನೆಯಿಂದ ಹೊರಗೆ ಬಂದರೆ ಜಾತಿ. ಹೊಲದ ಆಳಿಗೆ ಅರವತ್ತು ದಾಟಿದ್ದರೂ ಧಣಿಯ ಮನೆಯ ಚಿಕ್ಕ ಹುಡುಗ “ಬಾರೋ” ಎಂದೇ ಕರೆಯುತ್ತಿದ್ದ, ಆ ಮುದುಕ ತಿರುಗಿ “ಬಂದೆ ಬುದ್ದಿ” ಎನ್ನುತ್ತಿದ್ದ. ಅದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ, ಪದ್ಧತಿ ಪೂರ್ತಿ ಹೋಗಿಯೂ ಇಲ್ಲ. ಆದರೂ ಇಂದು ಯಾವ ಕಚೇರಿಯ ಕೌಂಟರಿನಲ್ಲಾದರೂ ಅಪರಿಚಿತರಿಗೆ ಏಕವಚನ ಬಳಸಿದರೆ “ಮರ್ಯಾದೆ ಕೊಟ್ಟು ಮಾತಾಡಿ” ಎಂಬ ಉತ್ತರ ಬರುತ್ತದೆ. ಈ ಉತ್ತರ ಕೊಡುವ ಧೈರ್ಯ ಎರಡು ತಲೆಮಾರಿನ ಹಿಂದೆ ಎಲ್ಲರಿಗೂ ಇರಲಿಲ್ಲ. ‘ಅವರು’ ಯಾರ ಸೊತ್ತು ಎಂಬುದು ನಮ್ಮ ಕಣ್ಣ ಮುಂದೆಯೇ ಬದಲಾಗಿದೆ, ಅದಕ್ಕಾಗಿ ಯಾವ ಅಕಾಡೆಮಿಯೂ ಗೊತ್ತುವಳಿ ಮಾಡಲಿಲ್ಲ.

ಇನ್ನು ‘ಅದು’. ನೀವು ಅದನ್ನು ಬಳಸದೆ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಆ ಪದದ ಕಥೆ ಬೈಗುಳವೆಂದು ತಳ್ಳಿಹಾಕುವಷ್ಟು ಸರಳವಲ್ಲ. ಹವ್ಯಕ ಕನ್ನಡದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ನಪುಂಸಕದ ಕ್ರಿಯಾಪದವೇ ಸಹಜ: ಅಕ್ಕ ‘ಬಂತು’, ಅತ್ತಿಗೆ ‘ಹೋತು’. ಅದರಲ್ಲಿ ಅವಮಾನವಿಲ್ಲ. ತೆಲುಗಿನಲ್ಲಿ ಹೆಣ್ಣಿನ ಏಕವಚನಕ್ಕೂ ವಸ್ತುವಿನ ಏಕವಚನಕ್ಕೂ ಕ್ರಿಯಾಪದದ ರೂಪ ಒಂದೇ, ‘ವಚ್ಚಿಂದಿ’. ನೀವು ತರಗತಿಯಲ್ಲಿ ಪಾಠ ಮಾಡಿದ ವ್ಯಾಕರಣವನ್ನೇ ನೆನಪಿಸಿಕೊಳ್ಳಿ: ‘ಹುಡುಗಿ ಬಂದಳು’, ‘ಹುಡುಗಿ ಬಂದಿತು’ ಎರಡೂ ಸರಿ ಎಂದು ಸ್ತ್ರೀನಪುಂಸಕಲಿಂಗ ಎಂಬ ಹೆಸರಿನಡಿ ಅದು ಒಪ್ಪುತ್ತದೆ. ನಾನು, ನೀನು, ತಾನು ಮೂರಕ್ಕೂ ಸ್ವಂತ ಲಿಂಗವಿಲ್ಲ, ಅವು ವಾಚ್ಯಲಿಂಗ ಎನ್ನುತ್ತದೆ. ಮಗು, ಶಿಶು, ಕೂಸು ನಿತ್ಯನಪುಂಸಕ. ಗಂಡು, ಹೆಣ್ಣು, ವಸ್ತು ಎಂಬ ಮೂರು ಖಾನೆಗಳಲ್ಲಿ ಎಲ್ಲವನ್ನೂ ತುಂಬಲಾಗದು ಎಂಬುದು ನಮ್ಮ ವೈಯಾಕರಣರಿಗೆ ಮೊದಲಿನಿಂದಲೂ ಗೊತ್ತಿತ್ತು. (ಕವಿಗಳಿಗೆ ಇದು ಇನ್ನೂ ಕಷ್ಟ. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯ ಕೂಡ ‘ಆತ್ಮನು’ ಎಂದೇ ಹೇಳಬೇಕಾಯಿತು. ಆ ‘ನು’ ಗಂಡಿನ ಗುರುತು.)

ತಾಯಿ ಬೆಳೆದ ಮಗಳ ಬಗ್ಗೆ “ಪಾಪ, ಅದು ಬೆಳಗ್ಗೆಯಿಂದ ಏನೂ ತಿಂದಿಲ್ಲ” ಎಂದಾಗ ಆ ‘ಅದು’ವಿನಲ್ಲಿ ಅಕ್ಕರೆಯಿದೆ. ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುತ್ತ ಬಂದ ಮಂಗಳಮುಖಿಯನ್ನು ಕಂಡು ಕಾರಿನ ಗಾಜು ಏರಿಸುತ್ತ “ಅದು ಬಂತು” ಎಂದಾಗ ಇರುವುದು ಹೇಸಿಕೆ. ಈ ಎರಡನೆಯ ಬಳಕೆಯನ್ನು ಜೀವನವಿಡೀ ಕೇಳಿಸಿಕೊಂಡವರಿಗೆ ಮೊದಲನೆಯ ಬಳಕೆಯ ಉದಾಹರಣೆ ಕೊಟ್ಟು ಸಮಾಧಾನ ಹೇಳುವುದು ಭಾಷಾವಿಜ್ಞಾನಿಗಳ ಕೆಟ್ಟ ಚಾಳಿ. ನಾನು ಅದಕ್ಕೆ ಹೋಗುವುದಿಲ್ಲ. ಎಲ್ಲಮ್ಮನಿಗೆ ಮುಡಿಪಾದ, ಟ್ರಾನ್ಸ್‌ಜೆಂಡರ್ ಸಮುದಾಯದ ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪತ್ರಿಕೆಗಳಲ್ಲಿ ಅವರು ‘ಅವರು’. ಅದೇ ಎಲ್ಲಮ್ಮನ ಹೆಸರಿನಲ್ಲಿ ಸವದತ್ತಿಯಿಂದ ಊರೂರು ತಿರುಗುವ, ಪ್ರಶಸ್ತಿಯಿಲ್ಲದ ಜೋಗಪ್ಪನಿಗೆ ಸಂತೆಯಲ್ಲಿ ಯಾವ ಸರ್ವನಾಮ ಸಿಗುತ್ತದೆಂದು ಹೇಳಬೇಕಿಲ್ಲ. ಲಿಂಗದ ಪ್ರಶ್ನೆ ಅಂತಸ್ತಿನ ಪ್ರಶ್ನೆಗೆ ಎಷ್ಟು ಗಟ್ಟಿಯಾಗಿ ಹೆಣೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ: ಬೇಕೆಂದ ಮಾತ್ರಕ್ಕೆ ಬದಲಾಗುತ್ತದೆಯೇ? ಕೆಲವೊಮ್ಮೆ ಹೌದು, ಹೆಚ್ಚಿನ ಸಲ ಇಲ್ಲ. ಅಮೆರಿಕದ ಚಾರ್ಲ್ಸ್ ಕ್ರೋಝಟ್ ಕಾನ್ವರ್ಸ್ ಎಂಬ ಸಂಗೀತಗಾರ 1884ರಲ್ಲಿ ‘ಥಾನ್’ ಎಂಬ ಹೊಸ ಸರ್ವನಾಮವನ್ನು ಪ್ರಕಟಿಸಿದ. 1934ರ ವೆಬ್‌ಸ್ಟರ್ ನಿಘಂಟಿಗೂ ಅದು ಸೇರಿತು. ಯಾರೂ ಬಳಸಲಿಲ್ಲ, 1961ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಸ್ವೀಡನ್ನಿನ ಕಥೆ ಬೇರೆ. ಅಲ್ಲಿ ಗಂಡಿಗೆ ‘ಹಾನ್’, ಹೆಣ್ಣಿಗೆ ‘ಹೂನ್’. ನಡುವೆ ‘ಹೆನ್’ ಇರಲಿ ಎಂದು 1966ರಲ್ಲಿ ಉಪ್ಸಲಾದ ಪತ್ರಿಕೆಯೊಂದರಲ್ಲಿ ಸಲಹೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2012ರಲ್ಲಿ ಒಂದು ಮಕ್ಕಳ ಪುಸ್ತಕ ಆ ಪದವನ್ನು ಬಳಸಿದ್ದೇ ತಡ, ದೇಶವಿಡೀ ಜಗಳ. 2015ರಲ್ಲಿ ಸ್ವೀಡಿಷ್ ಅಕಾಡೆಮಿಯ ಪದಪಟ್ಟಿಗೆ ಸೇರಿತು. ಆ ಮೂರು ವರ್ಷಗಳ ಸಮೀಕ್ಷೆಗಳಲ್ಲಿ ಜನರ ವಿರೋಧ ಬೇಗ ಬೇಗ ಇಳಿದದ್ದು ಕಾಣುತ್ತದೆ. ಪಕ್ಕದ ಫಿನ್ನಿಷ್ ಭಾಷೆಯಲ್ಲಿ ಎಲ್ಲರಿಗೂ ಒಂದೇ ‘ಹ್ಯಾನ್’ ಇದ್ದದ್ದೂ ಈ ಪದಕ್ಕೆ ಪ್ರೇರಣೆಯಾಗಿರಬಹುದು. ನಿಘಂಟಿನಲ್ಲಿದ್ದೂ ಸತ್ತ ‘ಥಾನ್’, ನಿಘಂಟಿಗೆ ಬರುವ ಮೊದಲೇ ಬದುಕಿದ ‘ಹೆನ್’ ಎರಡನ್ನೂ ನೋಡಿದರೆ, ಮಕ್ಕಳ ಬಾಯಿಗೆ ಬಿದ್ದದ್ದೇ ಉಳಿಯುತ್ತದೆ ಎನ್ನಿಸುತ್ತದೆ.

ಬದಲಾವಣೆ ಯಾವಾಗಲೂ ಲಿಂಗ ಕಳಚುವ ಕಡೆಗೇ ಸಾಗುತ್ತದೆ ಎಂದುಕೊಳ್ಳಬೇಡಿ. ಚೀನೀ ಭಾಷೆಯಲ್ಲಿ ‘ತಾ’ ಎಲ್ಲರಿಗೂ ಒಂದೇ ಆಗಿತ್ತು. ಸುಮಾರು ನೂರು ವರ್ಷಗಳ ಹಿಂದೆ, ಯುರೋಪಿನ ಭಾಷೆಗಳಿಂದ ಅನುವಾದ ಮಾಡುವ ಉತ್ಸಾಹದಲ್ಲಿ ಲಿಯು ಬಾನ್‌ನೋಂಗ್ ಮೊದಲಾದವರು ಹೆಣ್ಣಿಗೆಂದೇ ಬೇರೆ ಅಕ್ಷರ ತಂದರು. ಬರಹದಲ್ಲಿ ಅದು ನಿಂತಿತು. ಮಾತಿನಲ್ಲಿ ಇಂದಿಗೂ ಒಂದೇ ‘ತಾ’.

ಕನ್ನಡದಲ್ಲಿ ಆಗಿರುವುದು ಇದಕ್ಕಿಂತ ಸ್ವಾರಸ್ಯದ್ದು, ಅದನ್ನು ಗಮನಿಸಿದವರು ಮಾತ್ರ ಕಡಿಮೆ. ಇಂಗ್ಲಿಷಿನವರು ಸರ್ವನಾಮ ಬದಲಿಸಿದರೆ ಕೆಲಸ ಮುಗಿಯಿತು. ನಮ್ಮಲ್ಲಿ ಸರ್ವನಾಮವನ್ನು ನುಂಗಿಕೊಂಡರೂ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ: ಬಂದ, ಬಂದಳು. ಹಿಂದಿಯದು ಬೇರೆ ಬಗೆ. ಅಲ್ಲಿ ‘ವಹ್’ ಎಂಬ ಸರ್ವನಾಮಕ್ಕೆ ಲಿಂಗವಿಲ್ಲ, ಕ್ರಿಯಾಪದಕ್ಕಿದೆ. ‘ನಾನು ಹೋಗುತ್ತೇನೆ’ ಎನ್ನಲು ಗಂಡಸು ‘ಜಾತಾ’, ಹೆಂಗಸು ‘ಜಾತೀ’ ಎನ್ನಬೇಕು. ಬಂಗಾಳಿಯಲ್ಲಿ ಎರಡೂ ಇಲ್ಲ. ನಮ್ಮ ಪಕ್ಕದ ಮಲಯಾಳದಲ್ಲಿ ‘ಅವನ್’, ‘ಅವಳ್’ ಉಳಿದಿವೆ, ಆದರೆ ಒಂದು ಕಾಲದಲ್ಲಿ ಕ್ರಿಯಾಪದಕ್ಕಿದ್ದ ಪ್ರತ್ಯಯಗಳು ಉದುರಿಹೋಗಿ, ಯಾರು ಬಂದರೂ ‘ವನ್ನು’.

ಕನ್ನಡವೂ ಆ ದಾರಿಯಲ್ಲಿ ಅರ್ಧ ನಡೆದಿದೆ. ಹಿಂದಿನ ಕನ್ನಡದಲ್ಲಿ ಅಲ್ಲಗಳೆಯುವಾಗಲೂ ಲಿಂಗ ಹೇಳಬೇಕಿತ್ತು: ಅವನು ಮಾಡನು, ಅವಳು ಮಾಡಳು, ಅವರು ಮಾಡರು, ಅದು ಮಾಡದು. ಇಂದು ಹೀಗೆ ಯಾರು ಮಾತಾಡುತ್ತಾರೆ? “ಮಾಡುವುದಿಲ್ಲ”, “ಮಾಡಲ್ಲ”, ಧಾರವಾಡದ ಕಡೆ “ಮಾಡಂಗಿಲ್ಲ”. ಗಂಡಿಗೂ ಹೆಣ್ಣಿಗೂ ದನಕ್ಕೂ ಮಳೆಗೂ ಅದೇ. ‘ಬಂದಿಲ್ಲ’, ‘ಬರಲಿಲ್ಲ’ ಕೂಡ ಹಾಗೆಯೇ. ಸಾಧ್ಯತೆ ಹೇಳುವಾಗಲೂ ಇದೇ ಆಯಿತು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿರುವ ರೂಪ: ಬಂದಾನು, ಬಂದಾಳು, ಬಂದೀತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಇನ್ನೂ ಜೀವವಿದೆ, ಮೈಸೂರು ಬೆಂಗಳೂರಿನ ಮಾತಿನಲ್ಲಿ ‘ಬರಬಹುದು’ ಅದನ್ನು ಹೊರದೂಡಿದೆ. ‘ಬೇಕು’, ‘ಬೇಡ’, ‘ಗೊತ್ತು’, ‘ಸಾಕು’, ‘ಕೂಡದು’ ಯಾವುದಕ್ಕೂ ಲಿಂಗವಿಲ್ಲ. ಅಂದರೆ ಇಲ್ಲ ಎನ್ನುವಾಗ, ಇರಬಹುದು ಎನ್ನುವಾಗ, ಬೇಕು ಬೇಡ ಎನ್ನುವಾಗ ಕನ್ನಡಿಗರು ಆಗಲೇ ಲಿಂಗವನ್ನು ಕೈಬಿಟ್ಟಿದ್ದಾರೆ. ಹೌದು ಎನ್ನುವಾಗ ಮಾತ್ರ ಅದು ಅಂಟಿಕೊಂಡಿದೆ. ‘ಮಾಡಳು’ ಹೋಗಿ ‘ಮಾಡಲ್ಲ’ ಬಂದಾಗ ಭಾಷೆ ಕೆಟ್ಟಿತೆಂದು ಯಾವ ಅಜ್ಜಿಯೂ ಪತ್ರ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ದಯವಿಟ್ಟು ಕೋಪಿಸಿಕೊಳ್ಳಬೇಡಿ.

ಇಲ್ಲಿ ಒಂದು ವ್ಯತ್ಯಾಸ ಒಪ್ಪಿಕೊಳ್ಳಲೇಬೇಕು. ಆ ಬದಲಾವಣೆ ಯಾರಿಗೂ ತಿಳಿಯದಂತೆ, ಹಲವು ತಲೆಮಾರುಗಳಲ್ಲಿ ಆದದ್ದು. ನಿಮ್ಮ ಮೊಮ್ಮಗಳು ಕೇಳುತ್ತಿರುವುದು ತಿಳಿದೇ, ಈಗಲೇ ಆಗಬೇಕಾದದ್ದು. ಸರ್ವನಾಮಗಳು ಭಾಷೆಯಲ್ಲಿ ನಿಧಾನವಾಗಿ ಬದಲಾಗುವ ಭಾಗ. ‘ಮೊಬೈಲ್’ ಬಂದಷ್ಟು ಸುಲಭವಾಗಿ ಹೊಸ ‘ಅವನು’ ಬರುವುದಿಲ್ಲ. ಆದ್ದರಿಂದ ಕೆಲವು ಉತ್ಸಾಹಿಗಳು ಹೇಳುವಂತೆ ಕನ್ನಡಕ್ಕೆ ಹೊಸ ಸರ್ವನಾಮವೊಂದನ್ನು ಟಂಕಿಸಬೇಕೆಂಬುದಕ್ಕೆ ನನ್ನ ಸಮ್ಮತಿಯಿಲ್ಲ. ಅದಕ್ಕೆ ಕ್ರಿಯಾಪದದ ಪ್ರತ್ಯಯವನ್ನೂ ಹೊಸದಾಗಿ ಕಟ್ಟಬೇಕು, ಎರಡನ್ನೂ ಜನ ಕಲಿಯಬೇಕು. ‘ಥಾನ್’ಗೆ ಇದ್ದದ್ದಕ್ಕಿಂತ ದುಪ್ಪಟ್ಟು ಹೊರೆ ಅದು.

ಇರುವ ‘ಅವರು’ ಸಡಿಲವಾಗುವುದು ಹೆಚ್ಚು ಸಂಭವ. ಮರ್ಯಾದೆಯ ರೂಪ ಎಲ್ಲರಿಗೂ ಹರಡಿದಷ್ಟೂ ಅದರಲ್ಲಿನ ಮರ್ಯಾದೆ ತೆಳುವಾಗುತ್ತದೆ. ಇಂಗ್ಲಿಷಿನ ‘ಯೂ’ ಮೊದಲು ಬಹುವಚನ, ಆಮೇಲೆ ದೊಡ್ಡವರಿಗೆ ಸಲ್ಲುವ ಗೌರವ, ಕೊನೆಗೆ ಎಲ್ಲರಿಗೂ. ಸಲಿಗೆಯ ‘ದೌ’ (ನೀನು) ಅಲ್ಲಿ ಸಾಮಾನ್ಯ ಮಾತಿನಿಂದ ಮಾಯವಾಯಿತು. 17ನೇ ಶತಮಾನದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಒಬ್ಬರಿಗೆ ಬಹುವಚನ ಹಾಕುವುದು ಸುಳ್ಳು, ದೊಡ್ಡಸ್ತಿಕೆಯ ಆರಾಧನೆ ಎಂದು ಎಲ್ಲರಿಗೂ ಏಕವಚನವನ್ನೇ ಬಳಸಿ ಏಟು ತಿಂದರು. ಸಮಾನತೆಗಾಗಿ ಅವರು ಎಲ್ಲರನ್ನೂ ಏಕವಚನಕ್ಕೆ ತರಲು ಹೊರಟರು, ಭಾಷೆ ಎಲ್ಲರನ್ನೂ ಬಹುವಚನಕ್ಕೆ ಒಯ್ದಿತು. ತಮಿಳಿನ ‘ಅವರ್’ ಮೊದಲು ಬಹುವಚನವಾಗಿತ್ತು, ಇಂದು ಒಬ್ಬರಿಗೆ ಗೌರವ ಸೂಚಿಸುವ ಪದ. ಹಲವರಿಗೆ ‘ಅವರ್‌ಗಳ್’ ಎಂಬ ಹೊಸ ರೂಪ ಬೇಕಾಯಿತು. ಕನ್ನಡದ ಭಾಷಣಗಳಲ್ಲಿ, ಸರ್ಕಾರಿ ಪತ್ರಗಳಲ್ಲಿ ‘ಅವರುಗಳು’, ‘ಸದಸ್ಯರುಗಳು’ ಎಂದು ಬಂದಾಗ ನಮ್ಮಂಥ ಮೇಷ್ಟ್ರುಗಳು ಕೆಂಪು ಶಾಯಿ ಹಾಕುತ್ತೇವೆ, ನೀವೂ ಹಾಕಿರುತ್ತೀರಿ. ಬರೆದವರಿಗೆ ವ್ಯಾಕರಣ ಬಾರದೆಂದಲ್ಲ. ‘ಅವರು’ ಎಂದರೆ ಒಬ್ಬರು ಎಂದು ಕಿವಿ ಒಗ್ಗಿಹೋಗಿದೆ, ಅದಕ್ಕೇ ಹಲವರಿಗೆ ಇನ್ನೊಂದು ‘ಗಳು’ ಬೇಕೆನಿಸುತ್ತದೆ. ಒಬ್ಬರನ್ನು ಸೂಚಿಸುವ, ಲಿಂಗ ಹೇಳದ ‘ಅವರು’ ತಯಾರಾಗುತ್ತಿರುವುದರ ಗುರುತು ಆ ತಪ್ಪಿನಲ್ಲೇ ಇದೆ.

ಸದ್ಯಕ್ಕೆ ನೀವೇನು ಮಾಡಬಹುದು? ಎದುರಿಗೆ ಮಾತಾಡುವಾಗ ಚಿಂತೆ ಕಡಿಮೆ. ‘ನೀನು’ ಎನ್ನಿ, ಅಜ್ಜಿಯ ಬಾಯಲ್ಲಿ ಅದೇ ಚೆನ್ನ. “ಊಟ ಮಾಡಿದೆಯಾ?” ಎಂಬಲ್ಲಿ ಲಿಂಗವಿಲ್ಲ. ಆದರೆ ಬಾಲ ಹಚ್ಚುವಾಗ ಎಚ್ಚರ: ‘ಬಾರೋ’, ‘ಬಾರೇ’, ‘ಕಣೋ’, ‘ಕಣೇ’ ಎಲ್ಲವೂ ಗಂಡು ಹೆಣ್ಣು ಹೇಳಿಬಿಡುತ್ತವೆ. ಮುದ್ದಿಗೆ ಹೆಣ್ಣುಮಗುವನ್ನೂ “ಬಾರೋ” ಎನ್ನುವ ಮನೆಗಳಿವೆ, ನಿಮ್ಮ ಅತಿಥಿಗೆ ಅದು ಮುದ್ದೆನಿಸಬೇಕಲ್ಲ! ಮರಿ, ಕಂದ ಎಂಬವಕ್ಕೆ ಆ ತೊಂದರೆಯಿಲ್ಲ. ಅವರ ಬಗ್ಗೆ ಬೇರೆಯವರೊಡನೆ ಮಾತಾಡುವಾಗ ಹೆಸರು ಹಿಡಿದದ್ದು ಒಳ್ಳೆಯ ಉಪಾಯವೇ. ಅದರ ಜೊತೆಗೆ ‘ತಾನು’, ‘ತನ್ನ’, ‘ತನಗೆ’ ಇವೆ. “ತನಗೆ ಹೋಳಿಗೆ ಬೇಡವಂತೆ, ತನ್ನ ಪಾಡಿಗೆ ಓದಿಕೊಳ್ಳಬೇಕಂತೆ” ಎಂಬ ವಾಕ್ಯದಲ್ಲಿ ಸಲಿಗೆಯೂ ಇದೆ, ಲಿಂಗವೂ ಇಲ್ಲ. ಎಲ್ಲ ಕಡೆ ಇದು ನಡೆಯುವುದಿಲ್ಲ, “ನಿನ್ನೆ ಸಂಜೆ ಬಸ್ಸಿಗೆ ಹೊರಟ...” ಎಂದು ಬಾಯಿ ತೆರೆದ ಕೂಡಲೇ ಆಯ್ಕೆ ಮಾಡಲೇಬೇಕು. ಅಲ್ಲಿ ‘ಹೊರಟರು’ ಎನ್ನಿ. ಮೊದಮೊದಲು ಬೀಗರ ಬಗ್ಗೆ ಹೇಳಿದಂತೆ ಕೇಳುತ್ತದೆ, ಆಮೇಲೆ ಕೇಳುವುದಿಲ್ಲ. ಬಾಯಿ ತಪ್ಪಿದರೆ ತಿದ್ದಿಕೊಂಡು ಮಾತು ಮುಂದುವರಿಸಿ, ಅದನ್ನೇ ದೊಡ್ಡದು ಮಾಡಿ ಕ್ಷಮೆ ಕೇಳುತ್ತ ಕೂತರೆ ಆ ಮಗುವಿಗೇ ಮುಜುಗರ.

ಕೊನೆಗೆ, ನಿಮ್ಮ ಮೊಮ್ಮಗಳಿಂದ ನನಗೊಂದು ಮಾಹಿತಿ ಬೇಕು. ಇಂಗ್ಲಿಷಿನಲ್ಲಿ ‘ದೇ’ ಎನ್ನುವುದನ್ನು ಹೇಳಿದ್ದಾಳೆ. ಗೆಳೆಯರೆಲ್ಲ ಸೇರಿ ಕನ್ನಡದಲ್ಲಿ ಹರಟುವಾಗ, ಅಲ್ಲಿಲ್ಲದ ಆ ಸ್ನೇಹಿತರ ಬಗ್ಗೆ ಮಾತು ಬಂದರೆ ಇವರ ಬಾಯಲ್ಲಿ ನಿಜಕ್ಕೂ ಬರುವುದು “ಬಂದ್ರು” ಎಂದೇ, ಅಥವಾ ಬೇರೇನಾದರೂ ರೂಪ ಹುಟ್ಟಿಕೊಂಡಿದೆಯೇ? ಕೇಳಿ ಬರೆಯಿರಿ.